ರಾಳ ಬಡಿದ ಕರಟಗಳು

ನಮ್ಮ ಮನೆಯಲ್ಲಿ ಕರಟ ಒಲೆಗೆ ಹೋಗುವುದು ಒಮ್ಮೆ ನಿಂತೇಹೋಗಿತ್ತು. ಅಂಕೋಲೆಯ ಕಡಲ ಬದಿಯ ಮನೆ, ದಿನಾ ಮೀನುಸಾರು, ದಿನಾ ತೆಂಗಿನಕಾಯಿ. ಬಚ್ಚಲ ಹಂಡೆಯ ಕೆಳಗೆ ಕರಟದಷ್ಟು ಚೆನ್ನಾಗಿ ಉರಿಯುವುದು ಬೇರೊಂದಿಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಆದರೆ ಕಾಯಿ ತುರಿದು ಮುಗಿಯುವುದನ್ನೇ ಕಾದಿದ್ದು ಅಕ್ಕ ಎರಡೂ ಹೋಳು ಎತ್ತಿಕೊಂಡು ಹೋಗುತ್ತಿದ್ದಳು. ನನ್ನ ಸ್ನಾನಕ್ಕೆ ಹಸಿ ಕಟ್ಟಿಗೆ, ಕಣ್ಣಿಗೆ ಹೊಗೆ.

ಅಕ್ಕ ಒಣಮೀನು ಮಾರುವವಳು. ಬುಟ್ಟಿ ತುಂಬಿಕೊಂಡು ಬಸ್ಸಿನಲ್ಲಿ ಹಿಲ್ಲೂರಿಗೆ ಹೋಗಿ, ಮನೆಮನೆ ತಿರುಗಿ, ಖಾಲಿ ಬುಟ್ಟಿಯಲ್ಲಿ ಬರಬೇಕಾದವಳು. ಬುಟ್ಟಿ ಖಾಲಿ ಬರುವುದೂ ನಿಂತಿತು. ಅಲ್ಲಿ ಗಾಳಿಗೆ ಮುರಿದು ಬಿದ್ದ ಟೊಂಗೆಗಳಲ್ಲಿ ಸೀತಾಳೆ ಗಿಡ ಅಂಟಿಕೊಂಡಿರುತ್ತದೆ. ಪೇಟೆಯವರು ಆರ್ಕಿಡ್ ಅನ್ನುವ ಜಾತಿ. ಮಳೆ ಹಿಡಿಯುವ ಹೊತ್ತಿಗೆ ತಿಳಿನೇರಳೆ ಹೂವಿನ ದಂಡೆ ಇಳಿಬಿಡುತ್ತದೆ. ಅದನ್ನು ಬಿಡಿಸಿಕೊಂಡು ತರುತ್ತಿದ್ದಳು.

“ಕಾಡಿನ ಮರದ ಮೇಲಿದ್ದದ್ದು ಈ ಉಪ್ಪುಗಾಳಿಗೆ ಬದುಕ್ತದಾ?” ಎಂದು ಕೇಳಿದೆ.

“ನೀನು ಬದುಕಿಲ್ವಾ? ಅದೂ ಬದುಕ್ತದೆ.”

ಕಾಯಿಸಿದ ಸಲಾಕೆಯಿಂದ ಕರಟದ ಅಡಿಗೆ ತೂತು ಸುಡುವಳು. ಒಳಗೆ ಒಲೆಯ ಇದ್ದಿಲು, ಮೇಲೆ ತೆಂಗಿನ ನಾರು, ಅದರ ಮೇಲೆ ಗಿಡ. ತೂಗುಹಾಕಲಿಕ್ಕೆ ನನ್ನ ಬಲೆಯ ದಾರ. ಕೇಳಿ ತೆಗೆದುಕೊಂಡದ್ದು ಒಮ್ಮೆಯೂ ಇಲ್ಲ. ಜಗಲಿಯ ಮಾಡಿನಂಚಿಗೆ ಉದ್ದಕ್ಕೂ ಕರಟ ನೇತಾಡತೊಡಗಿದವು. ನಾನು ಮನೆಯೊಳಗೆ ಹೋಗಬೇಕಾದರೆ ತಲೆ ಬಗ್ಗಿಸಬೇಕು.

ಯಾರೂ ಅವಳಿಗೆ ಏನೂ ಹೇಳುತ್ತಿರಲಿಲ್ಲ. ಕೇರಿಯಲ್ಲಿ ಅವಳ ಕೈಗುಣಕ್ಕೆ ಅಷ್ಟು ಹೆಸರು. ಬಸಳೆ ಬಳ್ಳಿ ಊರಬೇಕು, ಮೆಣಸಿನ ಸಸಿ ನೆಡಬೇಕು ಅಂದರೆ ನಾಲ್ಕು ಮನೆಯಾಚೆಯಿಂದ ಅವಳನ್ನು ಕರೆಯುತ್ತಿದ್ದರು. ಒಣಮೀನಿನ ನಾತಕ್ಕೆ ಬಸ್ಸಿನಲ್ಲಿ ಪಕ್ಕ ಕೂರದವರೂ ಗಿಡ ನೆಡುವಾಗ ಅವಳ ಕೈಯೇ ಬೇಕು ಅನ್ನುತ್ತಿದ್ದರು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ದೋಣಿ ಹತ್ತಿದವನು, ನನಗೆ ದೋಣಿ ಇತ್ತು. ಅವಳಿಗೆ ಇದ್ದದ್ದು ಆ ಕೈಯ ಹೆಸರು.

ಮಳೆಗಾಲ ಬಂತು. ದೋಣಿ ದಡ ಹತ್ತಿತು, ನಾನು ಜಗಲಿಗೆ ಬಂದೆ. ಬಲೆ ಸರಿಮಾಡಲು ಕೂತರೆ ಕುತ್ತಿಗೆಯ ಮೇಲೆ ಟಪ್ಪೆಂದು ಒಂದು ಹನಿ. ಅತ್ತ ಸರಿದರೆ ಇನ್ನೊಂದು ಕರಟದ ಹನಿ. ಒಣಗಿಸಿಟ್ಟ ಬಲೆ ಒದ್ದೆ. ಅವಳದೇ ಮೀನಿನ ಬುಟ್ಟಿ ಒದ್ದೆ.

“ಅಕ್ಕಾ, ಸೋರ್ತಾ ಇದೆ.”

“ಸೋರೂದಕ್ಕೇ ತೂತು ಮಾಡಿದ್ದು ಮಾರಾಯಾ. ನೀನು ಆಚೆ ಕೂತ್ಕೊ.”

ಆಚೆ ಎಂದರೆ ಅಂಗಳ. ಅಂಗಳದಲ್ಲಿ ಧೋ ಎಂದು ಮಳೆ.

ತೂತು ಕಂಡರೆ ಮುಚ್ಚುವುದು ನಮ್ಮ ಜನರ ಕೈಗೆ ಹತ್ತಿದ ಚಾಳಿ. ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುರುಕಿ, ಮೇಲೆ ಕಾಯಿಸಿದ ರಾಳ ಬಡಿಯುವುದನ್ನು ನಡೆಯಲು ಕಲಿತಾಗಿನಿಂದ ನೋಡಿದವನು ನಾನು. ಅಕ್ಕ ಹಿಲ್ಲೂರಿಗೆ ಹೋದ ಒಂದು ದಿನ ಸಿಟ್ಟಿನಲ್ಲಿ ರಾಳ ಕಾಯಿಸಿದೆ. ಜಗಲಿಯ ಅಷ್ಟೂ ಕರಟಗಳ ಅಡಿಗೆ ಹತ್ತಿ ಇಟ್ಟು ಬಡಿದೆ. ಬಾವಿಯ ಬದಿಗೆ ಬೇರೆಯಾಗಿ ತೂಗುತ್ತಿದ್ದ ಒಂದನ್ನು ಬಿಟ್ಟೆ, ಅದು ಯಾರ ತಲೆಯ ಮೇಲೂ ಸೋರುತ್ತಿರಲಿಲ್ಲ. ಕಪ್ಪು ಕರಟಕ್ಕೆ ಕಪ್ಪು ರಾಳ, ಕೆಳಗೆ ನಿಂತರೆ ಕಾಣದು. ಕೆಲಸ ಎಷ್ಟು ಚೊಕ್ಕವಾಗಿತ್ತೆಂದರೆ ಒಳ್ಳೆಯ ದೋಣಿಗೂ ನಾನು ಅಷ್ಟು ಚೊಕ್ಕ ಮಾಡಿದ್ದಿಲ್ಲ.

“ಈಗ ಸೋರೂದಿಲ್ಲಲ್ಲ?” ಎಂದಳು ಅಕ್ಕ, ಸಂಜೆ ಬಂದು.

“ಗಾಳಿ ತಿರುಗಿತು” ಎಂದೆ.

ಎಲೆ ಹಳದಿಯಾಗತೊಡಗಿದಾಗ ಅವಳು ಒಂದೊಂದರ ಕೆಳಗೂ ನಿಂತು ಮೇಲೆ ನೋಡುತ್ತಿದ್ದಳು. ಬಿಸಿಲು ಸಾಲಲಿಲ್ಲವೇನೋ ಅಂದಳು. ಇದ್ದಿಲು ಸರಿಯಿಲ್ಲವೇನೋ ಅಂದಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬದಲಿಗೆ ಅವಳು ಇಲ್ಲದ ಹೊತ್ತು ನೋಡಿ ಚಾಕುವಿನಿಂದ ರಾಳ ಕಿತ್ತೆ. ಒಂದೊಂದರಿಂದಲೂ ಕೊಳೆತ ನೀರು ನನ್ನ ಮೋರೆಗೇ ಸುರಿಯಿತು. ತಡವಾಗಿತ್ತು. ಎರಡು ದಿನ ಬಿಟ್ಟು ಅವಳು ಇಳಿಸಿ ನೋಡಿದಾಗ ಬೇರುಗಳೆಲ್ಲ ಕೊಳೆತು ಮೆತ್ತಗೆ ಕೈಗೆ ಬಂದವು.

“ನನ್ನ ಕೈಗುಣ ಹೋಯ್ತು ಕಾಣ್ತದೆ” ಎಂದಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ. ಕರಟಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದಳು. ಅಂಟಿ ಉಳಿದಿದ್ದ ರಾಳಕ್ಕೆ ಬೆಂಕಿ ಭುಗ್ಗೆಂದಿತು. “ಕರಟ ಎಷ್ಟು ಚೆನ್ನಾಗಿ ಉರೀತದೆ ನೋಡು, ನೀನು ಹೇಳಿದ್ದೇ ಸರಿ” ಎಂದಳು. ಆ ಬಿಸಿನೀರಿನಲ್ಲಿ ನಾನು ಸ್ನಾನ ಮಾಡಿದೆ.

ಉಳಿದದ್ದು ಬಾವಿ ಬದಿಯದೊಂದೇ. ಕಾರವಾರದ ಹಬ್ಬುವಾಡದಿಂದ ಚಿಕ್ಕಮ್ಮ ಬಂದಾಗ ಅದನ್ನೂ ಕೊಟ್ಟುಬಿಟ್ಟಳು, “ನಿಮ್ಮ ಕೈಗಾದರೂ ಬದುಕಲಿ” ಎಂದು. ಮರುವರ್ಷ ಅದು ದಂಡೆ ಬಿಟ್ಟಿತು. ಚಿಕ್ಕಮ್ಮ ಕಾಯಿನ್ ಬೂತಿನಿಂದ ನಮ್ಮ ಕೇರಿಯ ಅಂಗಡಿಗೆ ಫೋನು ಮಾಡಿ, ಅಕ್ಕನನ್ನು ಕರೆಸಿ, ನಾಣ್ಯ ಮುಗಿಯುವವರೆಗೂ ತನ್ನ ಕೈಗುಣ ಹೇಳಿಕೊಂಡರು. ವರ್ಷ ವರ್ಷವೂ ಅದೇ ಫೋನು. ಅಕ್ಕ “ಹೌದು ಚಿಕ್ಕಮ್ಮಾ, ಹೌದು” ಎನ್ನುತ್ತಿದ್ದಳು. ಕೇರಿಯವರು ಗಿಡ ನೆಡಲು ಕರೆದರೆ ಸೊಂಟನೋವು ಅನ್ನುತ್ತಿದ್ದಳು. ಕ್ರಮೇಣ ಅವರೂ ಕರೆಯುವುದು ಬಿಟ್ಟರು. ನನಗೆ ಅವಳ ಮೇಲೇ ಸಿಟ್ಟು ಬರುತ್ತಿತ್ತು. ನಾಲ್ಕು ಗಿಡ ಸತ್ತರೆ ಇಷ್ಟು ಹಟವೇ ಎಂದು.

ನನಗೆ ಮಗಳು ಹುಟ್ಟಿದಳು. ಮಗುವಿನ ಹೆಸರಿನಲ್ಲಿ ತೆಂಗಿನ ಸಸಿ ನೆಡುವುದು ನಮ್ಮ ಮನೆಯ ರೂಢಿ, ನೆಡಬೇಕಾದವಳು ಮಗುವಿನ ಅತ್ತೆ. ಗುಂಡಿ ತೆಗೆದು ಸಸಿ ತಂದಿಟ್ಟು ಕರೆದರೆ ಅಕ್ಕ ಬಾಗಿಲಲ್ಲೇ ನಿಂತಳು.

“ನನ್ನ ಕೈ ಬೇಡ ತಮ್ಮಾ. ಮಗುವಿನ ಗಿಡ ಅದು. ಚಿಕ್ಕಮ್ಮನ್ನ ಕರಿ.”

ಚಿಕ್ಕಮ್ಮನ ಹೆಸರು ಕೇಳಿದ್ದೇ ತಡೆಯಲಾಗಲಿಲ್ಲ. ರಾಳ, ಹತ್ತಿ, ಚಾಕು, ಎಲ್ಲ ಹೇಳಿಬಿಟ್ಟೆ. ಅಕ್ಕ ಬಾಗಿಲು ಬಿಟ್ಟು ಗುಂಡಿಯ ಅಂಚಿಗೆ ಬಂದಳು.

“ಚಿಕ್ಕಮ್ಮನ ಮನೇದು?”

“ಅದಕ್ಕೆ ಬಡಿದಿರ್ಲಿಲ್ಲ.”

“ಅಂದ್ರೆ ಅದು ನನ್ನ ಕೈಯದು.” ನನ್ನತ್ತ ತಿರುಗಿ, “ಗಿಡಕ್ಕೂ ದೋಣಿಗೂ ವ್ಯತ್ಯಾಸ ಗೊತ್ತಿಲ್ದವ” ಎಂದಳು. “ಮೊದಲು ಅದು ಮನೆಗೆ ಬರಲಿ, ಆಮೇಲೆ ಈ ಸಸಿ. ಅಂಗಿ ಹಾಕ್ಕೋ.”

ಹಬ್ಬುವಾಡದಲ್ಲಿ ಚಿಕ್ಕಮ್ಮನ ಎದುರು ನಾನು ಎಲ್ಲವನ್ನೂ ಮತ್ತೊಮ್ಮೆ ಹೇಳಬೇಕಾಯಿತು. ಅಕ್ಕ ಹೇಳಿಸಿದಳು. ಚಿಕ್ಕಮ್ಮನ ಮೋರೆ ಸಣ್ಣದಾಯಿತು. “ಇಷ್ಟು ವರ್ಷ ನೀರು ಹಾಕಿದ್ದು ನಾನಲ್ವನೇ?”

“ನೀರು ನಿಮ್ಮದೇ ಚಿಕ್ಕಮ್ಮಾ. ನೆಟ್ಟದ್ದು ನಾನು.”

ಕರಟದ ಹೊರಗೆಲ್ಲ ಬೇರು ಸುತ್ತಿಕೊಂಡಿತ್ತು. ದಾರಿಯಲ್ಲಿ ಬಾಡಬಾರದೆಂದು ಚಿಕ್ಕಮ್ಮ ತಂಬಿಗೆ ತುಂಬ ನೀರು ಹೊಯ್ದೇ ಕೊಟ್ಟರು. ಬಸ್ಸಿನಲ್ಲಿ ಅಕ್ಕ ಅದನ್ನು ನನ್ನ ತೊಡೆಯ ಮೇಲಿಟ್ಟು ತಾನು ಕಿಟಕಿಯ ಬದಿಗೆ ಕೂತಳು. ಅಮದಳ್ಳಿ ದಾಟುವ ಹೊತ್ತಿಗೆ ನನ್ನ ಪ್ಯಾಂಟೆಲ್ಲ ಒದ್ದೆ. ಎದುರಿನ ಸೀಟಿನವರು ತಿರುಗಿ ತಿರುಗಿ ನೋಡುತ್ತಿದ್ದರು.

“ಅಕ್ಕಾ, ಸೋರ್ತಾ ಇದೆ.”

“ಸೋರ್ಲಿ” ಎಂದಳು.