ಒಣನೆಲದ ಅದುರು

ಮೇಷ್ಟ್ರ ಕೆಳದುಟಿಯ ನಡುವೆ ಒಂದು ಸೀಳಿತ್ತು, ಯಾವಾಗಲೂ ಹಸಿ. ರೈಲು ಬರುವಾಗ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಲ್ಲುತ್ತಿದ್ದರು. ಅದುರು ಅಳೆಯಲು ನೆಲಕ್ಕಿಟ್ಟ ಸೆನ್ಸರ್ ನಮ್ಮ ಕಾಲಿನ ಅಲುಗಾಟವನ್ನೂ ಬರೆದುಕೊಳ್ಳುತ್ತದೆ, ಅಲುಗಾಡಿದವನನ್ನು ಹಳಿಗೆ ಕಟ್ಟುತ್ತೇನೆ ಎನ್ನುತ್ತಿದ್ದರು. ತಮಾಷೆಗೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ತಮಾಷೆಯಲ್ಲ. ಮಂಡ್ಯದ ಕಾಲೇಜಿನಲ್ಲಿ ನನಗೆ ಕಲಿಸಿದವರು ಅವರು.

ರೈಲುಗಳ ವೇಗ ಹೆಚ್ಚಿದರೆ ಮದ್ದೂರಿನ ಹಳಿ ಪಕ್ಕದ ಮನೆಗಳು ಎಷ್ಟು ಅದುರುತ್ತವೆ ಎಂದು ಮೊದಲೇ ಲೆಕ್ಕ ಹಾಕಿ ಹೇಳುವ ಕೆಲಸವನ್ನು ರೈಲ್ವೆಯವರು ಅವರಿಗೆ ಕೊಟ್ಟಿದ್ದರು. ನಾನು ಸಹಾಯಕ್ಕೆ ಹೋಗಿದ್ದೆ. ಬೀದಿಯ ಕೊನೆಯ ಮನೆ ಒಬ್ಬ ಸ್ಕೂಟರ್ ಮೆಕ್ಯಾನಿಕ್‌ನದು. ಮಣ್ಣಿನ ಗೋಡೆ, ಹಿಂದೆಯೇ ಗದ್ದೆ. ಗೋಡೆಯ ಬುಡದಲ್ಲಿ ಅವನ ತಾಯಿ ಕೆಮ್ಮುತ್ತ ಮಲಗಿದ್ದರು. ಕೆಮ್ಮು ಅಳತೆ ಕೆಡಿಸುತ್ತದೆಂದು ಮೇಷ್ಟ್ರು ಮಂಚ ಸಮೇತ ಆಕೆಯನ್ನು ಬಿಸಿಲಿಗೆ ಎತ್ತಿಡಿಸಿದರು.

ಕೆಲಸ ಮುಗಿದಾಗ ಮೆಕ್ಯಾನಿಕ್ ಕೇಳಿದ, "ಸಾರ್, ಅಮ್ಮನ್ನ ಮತ್ತೆ ಇಲ್ಲೇ ಮನಗಿಸ್ಲಾ?"

"ಮನಗ್ಸಯ್ಯ. ಗೋಡೆಗಿಂತ ಮುಂಚೆ ಅವ್ರೇ ಓಯ್ತಾರೆ," ಎಂದರು ಮೇಷ್ಟ್ರು. ವರದಿಯಲ್ಲಿ ಅಪಾಯವಿಲ್ಲ ಎಂದು ಬರೆದರು.

ಆಗ ನಾಲೆ ಒಣಗಿತ್ತು. ನಮ್ಮಲ್ಲಿ ನೀರು ಬರುವುದು ಕಟ್ಟಿನ ಲೆಕ್ಕದಲ್ಲಿ: ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಬಿಟ್ಟಾಗ ಗದ್ದೆ ಕೆಸರಾಗಿ ಅದೇ ರೈಲಿಗೆ ನೆಲ ಇನ್ನಷ್ಟು ಅದುರುತ್ತದೆ. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಇದನ್ನು ಮೇಷ್ಟ್ರಿಗೆ ಹೇಳಿದೆ. ನನ್ನಪ್ಪ ನಾಲೆಯ ತೂಬು ನೋಡಿಕೊಳ್ಳುವ ನೀರುಗಂಟಿ.

"ನೀರುಗಂಟಿ ಮಗ್ನೇ, ನಂಗೂ ಗೊತ್ತು ಕಣ್ಲಾ," ಎಂದರು ಮೇಷ್ಟ್ರು. "ನೀರು ಬಂದ್ಮೇಲೆ ಅಳೀರಿ ಅಂತ ಯಾರು ಕರ್ದವ್ರೆ?"

ಈ ಮಾತು ಗೋಡೆ ಬೀಳುವ ಮೊದಲಿನದು ಎಂದು ನನ್ನ ನೆನಪು. ಬಿದ್ದ ಮೇಲೆ ಆಡಿದ್ದನ್ನು ನಾನೇ ಹಿಂದಕ್ಕೆ ತಂದಿಟ್ಟಿರಲೂಬಹುದು.

ನಾಲೆಗೆ ನೀರು ಬಂತು. ಒಂದು ಮಧ್ಯಾಹ್ನ ರೈಲು ಹಾದುಹೋಗುವಾಗ ಗೋಡೆ ಮಂಚದ ಮೇಲೆ ಬಿತ್ತು. ತಾಯಿ ಉಳಿಯಲಿಲ್ಲ.

ಮೇಷ್ಟ್ರು ಮತ್ತೆ ಹೋದರು, ಕ್ಷಮೆ ಕೇಳಲು ಅಲ್ಲ. ಕೆಸರಿನಲ್ಲಿ ಸೆನ್ಸರ್ ಹೂತು ಅಳೆದರು. ಮೆಕ್ಯಾನಿಕ್‌ನ ಕಡೆ ತಿರುಗಿಯೂ ನೋಡಲಿಲ್ಲ. ಆ ಅಳತೆ ಸರಿಯಾಗಿತ್ತು. ಬೀದಿಯ ಉಳಿದ ಮನೆಗಳ ಗೋಡೆಗೆ ಕಲ್ಲಿನ ಆಸರೆ ಕಟ್ಟಿದ್ದು ಅದರಿಂದಲೇ. ನಾನು ಇವತ್ತಿಗೂ ಎಲ್ಲೇ ಲೆಕ್ಕ ಹಾಕಿದರೂ ಹಸಿ ನೆಲದಿಂದ ಶುರುಮಾಡುತ್ತೇನೆ. ಕಲಿಸಿದವರು ಅವರು, ಕಲಿಸಿದ ರೀತಿ ಅದು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಬೆಸಗರಹಳ್ಳಿಯ ಅವರ ಹೊಲದಲ್ಲೇ ಹೂಳಿದರು. ಹಿಂತಿರುಗುವಾಗ ಮೆಕ್ಯಾನಿಕ್‌ನ ಅಂಗಡಿ ಮುಂದೆ ನಿಂತು ಸುದ್ದಿ ಹೇಳಿದೆ. ಅವನು ಪ್ಲಗ್ ಒರೆಸುತ್ತಲೇ ಎಲ್ಲಿ ಮಣ್ಣು ಮಾಡಿದರು ಎಂದು ಕೇಳಿದ. ಹೇಳಿದೆ.

"ಅಲ್ಲಿಗೆ ರೈಲಿಲ್ಲ. ಪುಣ್ಯವಂತ್ರು," ಎಂದ. "ನಮ್ಮಮ್ಮ ಹಳಿ ಪಕ್ಕದಲ್ಲೇ ಅವ್ರೆ. ಇನ್ನೂ ಅದುರ್ತಾನೇ ಅವ್ರೆ."