ಬಾಲ್ಕನಿ ಅಮ್ಮನ ಚಿಕಿತ್ಸೆ

ಕನ್ನಡಕದ ಅಂಗಡಿಯ ಮುಂಭಾಗದಲ್ಲಿ ಕನ್ನಡಿ, ದೀಪ, ಬಣ್ಣಬಣ್ಣದ ಫ್ರೇಮುಗಳು. ಹಿಂಭಾಗದಲ್ಲಿ ಒಂದು ಸಾಣೆ ಯಂತ್ರ, ಒಂದು ನಲ್ಲಿ, ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಕೂತು ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವ ಹೆಂಗಸನ್ನು ಎಲ್ಲರೂ ಗಾಜಕ್ಕ ಎನ್ನುತ್ತಿದ್ದರು. ಈಗ ಕನ್ನಡಕಗಳಲ್ಲಿ ಗಾಜು ಎಲ್ಲಿದೆ, ಎಲ್ಲ ಪ್ಲಾಸ್ಟಿಕ್ಕೇ. ಆದರೆ ಯಾರನ್ನಾದರೂ ಪ್ಲಾಸ್ಟಿಕ್ ಅಕ್ಕ ಎಂದು ಕರೆಯಲಾಗುತ್ತದೆಯೇ? ಅವಳದು ಕೈತುಂಬ ಕೆಲಸ, ಬಾಯಿ ತುಂಬ ಮೌನ. ಸಂಜೆ ಉಗುರಿನ ಸಂದಿಯ ಬಿಳಿ ಕೆಸರು ತೊಳೆದುಕೊಂಡು ಬಸ್ಸು ಹತ್ತುತ್ತಿದ್ದಳು.

ಮನೆಯಲ್ಲಿ ಮೂರೇ ಜನ. ಗಂಡ ಶೀತಲಗೃಹವೊಂದರಲ್ಲಿ ಸರಕು ಎತ್ತಿಡುವ ಗಾಡಿ ಓಡಿಸುತ್ತಿದ್ದ. ಮನೆಗೆ ಬಂದು ಎಷ್ಟೋ ಹೊತ್ತಾದರೂ ಅವನ ಕೈ ತಣ್ಣಗೇ ಇರುತ್ತಿತ್ತು. ಇನ್ನೊಬ್ಬಳು ಅತ್ತೆ. ಅತ್ತೆ ಒಂದು ಕಾಲಕ್ಕೆ ಸಾಮಾನ್ಯದವಳಲ್ಲ. ಊರಿನ ಹಳೆಯ ಚಿತ್ರಮಂದಿರದಲ್ಲಿ ಬಾಲ್ಕನಿ ಟಿಕೆಟ್ಟಿನ ಕಿಟಕಿ ಅವಳದು. ತೂತಿನೊಳಗಿಂದ ಕಾಣುತ್ತಿದ್ದದ್ದು ಬರೀ ಒಂದು ಕೈ, ಆ ಕೈಗೇ ಜನ ಹಲ್ಲು ಗಿಂಜುತ್ತಿದ್ದರು. ಬಾಲ್ಕನಿ ಅಮ್ಮ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಚಿತ್ರಮಂದಿರ ಕೆಡವಿ ಅಂಗಡಿಗಳ ಸಾಲು ಕಟ್ಟಿದಾಗ ಅವಳಿಗೆ ಹೋಗಲು ಜಾಗವೇ ಇಲ್ಲದಾಯಿತು. ಅವಳ ಗಂಡ ಮೊದಲೇ ತೀರಿಕೊಂಡಿದ್ದ. ಕುಡಿತ ಯಾವಾಗ ಶುರುವಾಯಿತೋ ಯಾರೂ ಕಂಡಿಲ್ಲ.

ಮೊಣಕಾಲು ನೋವೆಂದು ಅತ್ತೆ ಸದಾ ಬಿಸಿನೀರಿನ ರಬ್ಬರ್ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಿರುತ್ತಿದ್ದಳು. ನೀರು ಆರಿರಬಹುದೆಂದು ಒಂದು ದಿನ ಸೊಸೆ ಅದರ ಬಿರಡೆ ತಿರುಗಿಸಿದಳು. ಘಾಟು ಮೂಗಿಗೆ ಹೊಡೆಯಿತು. ಅವಳು ಬಿರಡೆ ಹಾಕಿ ಚೀಲವನ್ನು ಇದ್ದಲ್ಲೇ ಇಟ್ಟಳು. ರಾತ್ರಿ ಗಂಡನಿಗೆ ಹೇಳಿದಳು.

"ನಮ್ಮಮ್ಮ ಕುಡೀತಾಳೆ ಅಂತ ಯಾರ ಹತ್ರ ಹೇಳ್ಕೊಳ್ಳೋದು?" ಎಂದ ಅವನು.

"ಯಾರ ಹತ್ರಾನೂ ಹೇಳಿ ಅನ್ನಲಿಲ್ಲ. ನಿಮಗೆ ಹೇಳ್ದೆ."

ಅಲ್ಲಿಗೆ ಆ ಮಾತು ಮುಗಿಯಿತು. ಎರಡು ವರ್ಷ ಹಾಗೇ ಉರುಳಿತು. ಮೂವರೂ ಗೊತ್ತಿದ್ದೂ ಗೊತ್ತಿಲ್ಲದವರಂತೆ ಊಟ ಮಾಡಿದರು, ಬಟ್ಟೆ ಒಣಗಿಸಿದರು, ಟಿವಿ ನೋಡಿದರು. ಕೊನೆಗೆ ಒಂದು ಮಧ್ಯಾಹ್ನ ಅತ್ತೆ ಒಲೆ ಹಚ್ಚಿ ಮರೆತು ಮಲಗಿ, ಅಡುಗೆಮನೆಯ ಪರದೆಗೆ ಬೆಂಕಿ ಹತ್ತಿತು. ಮೇಲಿನ ಮನೆಯವರು ಬಾಗಿಲು ಒಡೆದು ನೀರೆರಚಿದರು. ಸೊಸೆ ಬಂದು ನೋಡಿದಾಗ ಗೋಡೆ ಕಪ್ಪಾಗಿತ್ತು. ಅತ್ತೆ ಒದ್ದೆ ಬಟ್ಟೆಯಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ಅಯ್ಯೋ ಎನ್ನಬೇಕಿತ್ತು, ಅನ್ನಲಿಲ್ಲ. ಸಿಟ್ಟಾದರೂ ಬರಬೇಕಿತ್ತು, ಬರಲಿಲ್ಲ. ಅವಳು ಬಕೆಟ್ಟು ತಂದು ನೆಲ ಒರೆಸಿದಳು. ಒರೆಸುತ್ತಲೇ, ಇನ್ನು ಎಲ್ಲಿಗಾದರೂ ಸೇರಿಸಬೇಕು ಎಂದು ನಿಶ್ಚಯಿಸಿದಳು.

ಹುಡುಕಲು ಹೊರಟ ಮೇಲೆ ಗೊತ್ತಾಯಿತು, ಊರಲ್ಲಿ ಕುಡಿಯುವುದಕ್ಕೆ ಮೂಲೆಗೊಂದು ಜಾಗ, ಬಿಡುವುದಕ್ಕೆ ಎಲ್ಲೂ ಇಲ್ಲ. ಊಟದ ಬಿಡುವಿನಲ್ಲಿ ಯಂತ್ರ ನಿಲ್ಲಿಸಿ ಅವಳು ಒಂದೊಂದೇ ಕಡೆ ಫೋನ್ ಮಾಡಿದಳು.

"ಯಾರಮ್ಮ ಪೇಷೆಂಟು? ಗಂಡನಾ, ಮಗನಾ?"

"ಅತ್ತೆ."

ಆ ಕಡೆಯವನು ಫೋನಿಗೆ ಕೈ ಅಡ್ಡ ಇಟ್ಟು ಯಾರಿಗೋ ಹೇಳಿ ನಕ್ಕದ್ದು ಕೇಳಿಸಿತು. "ಇಲ್ಲಮ್ಮ, ನಮ್ಮಲ್ಲಿ ಗಂಡಸರಿಗೆ ಮಾತ್ರ."

ಕೇಳಿದ ಕಡೆಯೆಲ್ಲ ಇದೇ ರಾಗ. ಹೆಂಗಸರನ್ನು ಸೇರಿಸಿಕೊಳ್ಳುವ ಒಂದು ಜಾಗಕ್ಕೆ ಬಸ್ಸಿನ ಕೊನೆಯ ನಿಲ್ದಾಣದಲ್ಲಿಳಿದು ನಡೆದು ಹೋದಳು. ಎರಡಂತಸ್ತಿನ ಮನೆ, ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ. ಕತ್ತೇ ಇಲ್ಲದಂತಿದ್ದ ಮ್ಯಾನೇಜರು ಅವಳನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿದ. "ಮೂರು ತಿಂಗಳು ನೀವು ಬರಬಾರದು, ಫೋನೂ ಮಾಡಬಾರದು. ಆಮೇಲೆ ಬನ್ನಿ, ಹೊಸ ಮನುಷ್ಯರನ್ನೇ ಕೈಗೆ ಕೊಡ್ತೀವಿ." ಅವಳು ಸುಮ್ಮನೆ ತಲೆ ಎತ್ತಿದಳು. ಮೇಲಿನ ಜಾಲರಿಯ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಬಾಯಿ ಬಿಡದೆ, ಬರೀ ಕೈಯಿಂದ, ಹೋಗು ಹೋಗು ಎಂದಳು. ಗಾಜಕ್ಕ ಮ್ಯಾನೇಜರಿಗೆ, "ಮನೆಯಲ್ಲಿ ಕೇಳಿ ಹೇಳ್ತೀನಿ" ಎಂದು ಬಂದ ದಾರಿ ಹಿಡಿದಳು.

ಇನ್ನೊಂದು ಕಡೆ ಹೂದೋಟ, ಕಾರಂಜಿ, ಕಾಲು ಹೂತುಹೋಗುವ ಜಮಖಾನ. ಅಲ್ಲಿನ ಹುಡುಗಿ ನಯವಾಗಿ ತಿಂಗಳ ಖರ್ಚು ಹೇಳಿದಳು. ಅದು ಗಾಜಕ್ಕನ ಇಡೀ ವರ್ಷದ ದುಡಿಮೆ. "ಕಂತಿನಲ್ಲೂ ಕಟ್ಟಬಹುದು ಮೇಡಂ" ಎಂದಳು. ಗಾಜಕ್ಕ ಅವರು ಕೊಟ್ಟ ತಣ್ಣನೆಯ ನೀರು ಪೂರ್ತಿ ಕುಡಿದು ಎದ್ದು ಬಂದಳು.

ಕೊನೆಗೆ ದಾರಿ ತೋರಿಸಿದ್ದು ಸರ್ಕಾರಿ ಆಸ್ಪತ್ರೆಯ ವೈದ್ಯೆ. ಸಾಲಿನಲ್ಲಿ ಅರ್ಧ ದಿನ ನಿಂತ ಮೇಲೆ ಸಿಕ್ಕ ಆಕೆ ತಲೆ ಎತ್ತದೆಯೇ ಕೇಳಿದಳು, "ಎಷ್ಟು ಕುಡೀತಾರೆ?"

"ಒಂದು ಬಿಸಿನೀರಿನ ಚೀಲ."

ಆಗ ತಲೆ ಎತ್ತಿದಳು. ವಿಷಯ ಕೇಳಿ ಹೇಳಿದಳು: "ಏಕಾಏಕಿ ನಿಲ್ಲಿಸಿದರೆ ಜೀವಕ್ಕೆ ಅಪಾಯ. ಮೊದಲು ಇಲ್ಲಿ ಸೇರಿಸಿ. ಇಲ್ಲಿ ಖರ್ಚಿಲ್ಲ, ಆದರೆ ಜೊತೆಗೆ ಒಬ್ಬರು ಇರಲೇಬೇಕು. ಆಮೇಲೆ ಕೆಲವು ತಿಂಗಳು ಒಂದು ಕಡೆ ಇಡಬೇಕು. ಹೆಂಗಸರಿಗೇ ಅಂತ ಒಬ್ಬರು ಹಳೇ ನರ್ಸಮ್ಮ ಒಂದು ಮನೆ ನಡೆಸ್ತಾರೆ. ಬೀಗ ಹಾಕಲ್ಲ, ಹೊಡೆಯಲ್ಲ. ಪುಕ್ಕಟೆ ಅಲ್ಲ, ಆದರೆ ಸುಲಿಯೋರೂ ಅಲ್ಲ."

ಇನ್ನು ಹಣ. ಗಂಡನ ಸಂಬಳ ಮನೆಯ ಬಾಡಿಗೆಗೂ ಹಳೆಯ ಸಾಲಕ್ಕೂ ಸರಿಹೋಗುತ್ತಿತ್ತು. ಬೇರೆ ಊರಿನಲ್ಲಿ ಅನುಕೂಲವಾಗಿದ್ದ ನಾದಿನಿಗೆ ಫೋನ್ ಮಾಡಿದಳು.

"ಅತ್ತಿಗೆ, ನಮ್ಮಮ್ಮ ಅಂಥವಳಲ್ಲ. ನೀವಿಬ್ರೂ ಕೆಲಸಕ್ಕೆ ಹೋಗಿ ಅವಳನ್ನ ಒಂಟಿ ಬಿಡ್ತೀರ, ಅದಕ್ಕೆ ಮಂಕಾಗಿದ್ದಾಳೆ. ಹುಚ್ಚಾಸ್ಪತ್ರೆಗೆ ಹಾಕೋಕೆ ನನ್ನ ಹತ್ರ ದುಡ್ಡು ಕೇಳ್ತೀರಲ್ಲ!" ಎಂದು ಫೋನ್ ಇಟ್ಟುಬಿಟ್ಟಳು.

ಗಾಜಕ್ಕನ ಹತ್ತಿರ ಸ್ವಂತದ್ದೆಂದು ಒಂದು ಗಂಟಿತ್ತು. ಅಂಗಡಿಯ ಮುದಿ ಮೇಸ್ತ್ರಿ ಕೆಲಸ ಬಿಡುವಾಗ ತನ್ನ ಮನೆಯಲ್ಲಿದ್ದ ಸಾಣೆ ಯಂತ್ರವನ್ನು ಅವಳಿಗೇ ಮಾರುತ್ತೇನೆಂದಿದ್ದ. ಸ್ವಂತ ಯಂತ್ರವಿದ್ದರೆ ಮನೆಯಲ್ಲೇ ಕೂತು ನಾಲ್ಕು ಅಂಗಡಿಗಳ ಕೆಲಸ ಹಿಡಿಯಬಹುದು. ಅದಕ್ಕೆಂದೇ ವರ್ಷಾನುಗಟ್ಟಲೆ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟಿದ್ದಳು.

"ಬೇರೆಯವರಿಗೆ ಕೊಟ್ಟುಬಿಡಿ ಮೇಸ್ತ್ರಿ," ಎಂದಳು.

"ಯಾಕಮ್ಮ? ಇನ್ನೊಂದಾರು ತಿಂಗಳು ಕಾಯ್ತೀನಿ ಬೇಕಾದ್ರೆ."

"ಬೇಡ, ಕಾಯಬೇಡಿ."

ಅತ್ತೆಯ ಹತ್ತಿರ ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. ಬೆಳಿಗ್ಗೆ, ಅತ್ತೆಗೆ ಇನ್ನೂ ಅಮಲು ಏರಿರದ ಹೊತ್ತಿಗೆ, ಚಹಾ ಕೊಟ್ಟು ಎದುರಿಗೆ ಕೂತಳು.

"ನಾಳೆ ಆಸ್ಪತ್ರೆಗೆ ಹೋಗ್ಬೇಕು ಅತ್ತೆ. ಕುಡಿಯೋದು ಬಿಡ್ಸೋಕೆ."

"ಯಾರು ಕುಡಿಯೋದು?"

ಸೊಸೆ ಮಡಿಲಲ್ಲಿದ್ದ ಚೀಲದ ಕಡೆ ನೋಡಿದಳು. ಅತ್ತೆ ಅದನ್ನು ಕೈಯಿಂದ ಮುಚ್ಚಿಕೊಂಡಳು. ಆಮೇಲೆ ಕೇಳಿದಳು, "ಜನಕ್ಕೆ ಏನು ಹೇಳ್ತೀಯ?"

"ಮೊಣಕಾಲು ಆಪರೇಷನ್ ಅಂತ."

"ಯಾವ ಕಾಲು? ಇಬ್ರೂ ಒಂದೇ ಹೇಳ್ಬೇಕಲ್ಲ."

"ಬಲಗಾಲು."

"ಸರಿ ಬಿಡು," ಎಂದಳು ಅತ್ತೆ. ಮರುದಿನ ತನ್ನ ಒಳ್ಳೆಯ ಚಪ್ಪಲಿ ಹಾಕಿಕೊಂಡು, ನೆರೆಯವರು ನೋಡುವ ಕಡೆಯೆಲ್ಲ ಬಲಗಾಲು ಎಳೆಯುತ್ತ ನಡೆದಳು.

ವಾರ್ಡಿನಲ್ಲಿ ಮೊದಲ ದಿನಗಳು ಕೆಟ್ಟದಾಗಿದ್ದವು. ಅತ್ತೆಯ ಕೈ ನಡುಗಿ ಲೋಟ ನಿಲ್ಲುತ್ತಿರಲಿಲ್ಲ, ಹಾಸಿಗೆ ಬೆವರಿನಿಂದ ತೊಯ್ದು ತೊಪ್ಪೆಯಾಗುತ್ತಿತ್ತು. ಮೂರನೆಯ ದಿನ ಅವಳ ಕಣ್ಣಿಗೆ ಇಲ್ಲದ ಜನ ಕಾಣಿಸತೊಡಗಿದರು. ಹಾಸಿಗೆಯ ಮೇಲೆ ಎದ್ದು ಕೂತು ಕೈಬೀಸಿ ಕೂಗಿದಳು: "ಹೌಸ್‌ಫುಲ್! ಹೋಗ್ರೀ ಅಂದ್ರೆ ಹೋಗ್ರೀ! ಬಾಲ್ಕನಿ ಇಲ್ಲ, ಏನೂ ಇಲ್ಲ, ಯಾಕ್ರೀ ಹೀಗೆ ಮೇಲೆ ಬೀಳ್ತೀರ!" ಪಕ್ಕದ ಹಾಸಿಗೆಯ ಹೆಂಗಸರು ನಕ್ಕರು. ಒಬ್ಬಳು, "ಅಮ್ಮಾ, ನಂಗೊಂದು ಕೊಡಿ" ಎಂದಳು. ನರ್ಸ್ ಬಂದು ಸೂಜಿ ಚುಚ್ಚಿದಳು. ಸೊಸೆ ನಗಲಿಲ್ಲ, ಅಳಲೂ ಇಲ್ಲ. ಅತ್ತೆಯ ಹೆಗಲು ಹಿಡಿದು ಮಲಗಿಸಿ, ಗೋಡೆಯ ಮೇಲಿನ ಸುಣ್ಣದ ಬಿರುಕನ್ನೇ ನೋಡುತ್ತ ಕೂತಳು. ಸಂಬಳವಿಲ್ಲದ ರಜೆಯಾದರೂ ಅಂಗಡಿಯ ಯೋಚನೆ ಬರಲಿಲ್ಲ.

ಗಂಡ ಒಮ್ಮೆ ಬಂದ. ತಾಯಿ ಮಲಗಿದ್ದಳು. ಬಾಗಿಲಲ್ಲೇ ನಿಂತು ಬಾಳೆಹಣ್ಣಿನ ಚೀಲವನ್ನು ಹೆಂಡತಿಯ ಕೈಗೆ ಕೊಟ್ಟು, "ನನ್ನಿಂದ ನೋಡೋಕಾಗಲ್ಲ ಕಣೆ" ಎಂದು ಹೋದ. ಅವಳು ಒಂದು ಹಣ್ಣು ಸುಲಿದು ತಿಂದಳು.

ನರ್ಸಮ್ಮನ ಮನೆಯಲ್ಲಿ ಅತ್ತೆ ಐದು ತಿಂಗಳಿದ್ದಳು. ಹೆಂಗಸರೇ ಅಡುಗೆ ಮಾಡಿ, ಹಿತ್ತಿಲು ನೋಡಿಕೊಂಡು, ಸಂಜೆ ಸುತ್ತ ಕೂತು ತಮ್ಮ ತಮ್ಮ ಕಥೆ ಹೇಳಬೇಕಿತ್ತು. ಭಾನುವಾರ ಮನೆಯವರು ಬರಬಹುದು. ಗಾಜಕ್ಕ ಒಂದು ವಾರವೂ ತಪ್ಪಿಸಲಿಲ್ಲ. ಒಮ್ಮೆ ಆಪ್ತಸಲಹೆಯವಳು ಅವಳನ್ನೂ ಕೂರಿಸಿಕೊಂಡು ಮೆತ್ತಗೆ ಕೇಳಿದಳು, "ಇದನ್ನೆಲ್ಲ ನೋಡಿ ನಿಮಗೇನು ಅನ್ನಿಸುತ್ತೆ?"

ಗಾಜಕ್ಕ ಪ್ರಾಮಾಣಿಕವಾಗಿ ಒಳಗೆ ತಡಕಾಡಿದಳು. "ಬಸ್ಸಿಗೆ ಹೊತ್ತಾಯ್ತು ಅನ್ನಿಸುತ್ತೆ," ಎಂದಳು. ಅತ್ತೆ ಕಿಸಕ್ಕನೆ ನಕ್ಕುಬಿಟ್ಟಳು. ಎಷ್ಟೋ ವರ್ಷಗಳ ಮೇಲೆ ಕೇಳಿದ ನಗು ಅದು.

ಅತ್ತೆ ಮನೆಗೆ ಬಂದ ಮೇಲೆ ಎಲ್ಲ ಸರಿಹೋಯಿತೆಂದಲ್ಲ. ಚಳಿ ಶುರುವಾದಾಗ ಒಂದು ದಿನ ಅವಳು ಮತ್ತೆ ಕುಡಿದಳು. ಆದರೆ ಸಂಜೆ ಸೊಸೆ ಬರುವ ಹೊತ್ತಿಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದಳು. "ಆ ಡಾಕ್ಟ್ರಮ್ಮನ ಹತ್ರ ಕರ್ಕೊಂಡು ಹೋಗು," ಎಂದಳು. ಕಾಫಿಯನ್ನೂ ಕುಡಿಯದೆ ಇಬ್ಬರೂ ಹೊರಟರು. ಆಮೇಲೆ ಅವಳು ಕುಡಿಯಲಿಲ್ಲ.

ಅದಾಗಿ ವರ್ಷ ಕಳೆದ ಮೇಲೆ ನಾದಿನಿಗೆ ಮಗುವಾಯಿತು. ಅವಳು ಗಂಡನ ಕಾರಿನಲ್ಲಿ ಬಂದು ತಾಯಿಯನ್ನು ಕರೆದಳು. ಮಗು ನೋಡಿಕೊಳ್ಳಲು ನಂಬಿಕೆಯವರು ಯಾರೂ ಸಿಗುತ್ತಿಲ್ಲವಂತೆ, ಅಮ್ಮ ಬಂದು ತನ್ನ ಜೊತೆಗೇ ಇದ್ದುಬಿಡಲಿ ಎಂದಳು.

ಅತ್ತೆ ಅಡುಗೆಮನೆಗೆ ಬಂದು ಸೊಸೆಯನ್ನು ಕೇಳಿದಳು, "ಹೋಗ್ಲಾ?"

"ನಿಮಗೆ ಹೋಗ್ಬೇಕು ಅನ್ಸುತ್ತಾ?"

"ಮಗೂನ ಎತ್ಕೋಬೇಕು ಅನ್ಸುತ್ತೆ."

"ಹಾಗಾದ್ರೆ ಹೋಗಿ."

ಗಂಡ ಪೆಟ್ಟಿಗೆಯನ್ನು ಕೆಳಗೆ ಇಳಿಸಿದ. ಬಾಗಿಲಲ್ಲಿ ನಾದಿನಿ ತಾಯಿಯ ಕೆನ್ನೆ ಸವರಿ ಹೇಳಿದಳು, "ನೋಡಿ ಅತ್ತಿಗೆ, ಅಮ್ಮ ಎಷ್ಟು ಚೆನ್ನಾಗಿದ್ದಾಳೆ! ನೀವು ಸುಮ್ನೆ ಇಲ್ಲದ್ದೆಲ್ಲ ಹೇಳ್ತಿದ್ರಿ."

ಅತ್ತೆ ಮೆಟ್ಟಿಲ ಮೇಲೆ ನಿಂತಳು. ಮೇಲಿನ ಮನೆಯವರು ಬೀಳ್ಕೊಡಲು ಇಳಿದು ಬಂದಿದ್ದರು. ಅವರೆಲ್ಲರ ಎದುರಿಗೇ ಮಗಳಿಗೆ ಹೇಳಿದಳು, "ಅವಳು ಹೇಳಿದ್ದು ಸುಳ್ಳಲ್ಲ ಕಣೆ. ನಾನು ಕುಡುಕಿ. ಮೊಣಕಾಲಿಗೆ ಏನೂ ಆಗಿರ್ಲಿಲ್ಲ. ಈ ಮನೆಗೆ ಬೆಂಕಿ ಹಚ್ಚಿದ್ದೆ. ಇವಳ ದುಡ್ಡಲ್ಲಿ ನಾನು ಎದ್ದು ನಿಂತಿದ್ದೀನಿ. ಇಷ್ಟು ಗೊತ್ತಿದ್ದೂ ಮಗು ಕೈಗೆ ಕೊಡ್ತೀಯ ಅಂದ್ರೆ ಬರ್ತೀನಿ, ಇಲ್ಲಾಂದ್ರೆ ಪೆಟ್ಟಿಗೆ ಮೇಲೆ ತರಿಸು."

ನಾದಿನಿಯ ಮುಖ ಬಿಳಿಚಿಕೊಂಡಿತು. ಅಣ್ಣನ ಕಡೆ ನೋಡಿದಳು. ಅವನು ನೆಲ ನೋಡುತ್ತ, "ಹೌದು" ಎಂದ. ಆ ವಿಷಯದಲ್ಲಿ ಹೆಂಡತಿಯಲ್ಲದೆ ಬೇರೆಯವರ ಎದುರು ಅವನು ಮೊದಲ ಸಲ ಬಾಯಿ ಬಿಟ್ಟದ್ದು ಅದೇ. ನಾದಿನಿ ತಾಯಿಯ ಕೈಚೀಲ ತಾನೇ ತೆಗೆದುಕೊಂಡು ಕಾರಿನ ಬಾಗಿಲು ತೆರೆದಳು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಗಾಜಕ್ಕ ಮೇಲೆ ಬಂದು ಅತ್ತೆಯ ಹಾಸಿಗೆಯ ಬಟ್ಟೆ ತೆಗೆದು ನೆನೆಹಾಕಿದಳು. ಸಂತೋಷವೆಂದರೆ ಸಂತೋಷವಲ್ಲ, ದುಃಖವೂ ಅಲ್ಲ. ರಾತ್ರಿ ಮಲಗಿದವಳಿಗೆ ಮರುದಿನ ಮಧ್ಯಾಹ್ನದವರೆಗೂ ಎಚ್ಚರವಾಗಲಿಲ್ಲ. ಗಂಡ ಎಬ್ಬಿಸದೆ ತಾನೇ ಅನ್ನ ಮಾಡಿಟ್ಟು ಕೆಲಸಕ್ಕೆ ಹೋಗಿದ್ದ.

ಈಗ ಅತ್ತೆ ಆಗಾಗ ಫೋನ್ ಮಾಡುತ್ತಾಳೆ.

"ಏನಿಲ್ಲ, ಸುಮ್ನೆ ಮಾಡ್ದೆ."

"ಸರಿ ಅತ್ತೆ."

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಆಯ್ತು."

ಆಮೇಲೆ ಇಬ್ಬರಿಗೂ ಮಾತು ಹೊಳೆಯುವುದಿಲ್ಲ. ಆ ಕಡೆ ಮಗು ಅಳುವವರೆಗೂ ಇಬ್ಬರೂ ಹಾಗೇ ಫೋನ್ ಹಿಡಿದುಕೊಂಡು ನಿಂತಿರುತ್ತಾರೆ.