ನಡುನೀರಿನ ಮೇಲುಖರ್ಚು

ಹೊಗೇನಕಲ್ಲಿನ ಪರಿಸಲು, ಅದೇ ಬುಟ್ಟಿದೋಣಿ, ಹತ್ತಿದರೆ ಬಾಡಿಗೆಗಿಂತ ಮೇಲುಖರ್ಚೇ ಜಾಸ್ತಿ ಅಂತ ನನಗೆ ಮೊದಲೇ ಅನುಮಾನ. ಅದಕ್ಕೇ ನಾನೂ ನನ್ನ ಹೆಂಡ್ತೀನೂ ರೊಟ್ಟಿ ಕಟ್ಟಿಕೊಂಡೇ ಹೋಗಿದ್ದೆವು. ನಡುನೀರಲ್ಲಿ ಇನ್ನೊಂದು ಪರಿಸಲಲ್ಲಿ ವರುತ್ತ ಮೀನು, ಅಂದ್ರೆ ಹುರಿದ ಮೀನು, ಮಾರೋನು ಬಂದ, ಓಡಿಸಿದೆ.

"ತಾತಾ, ಗಿರಗಿರ ಸುತ್ತಿಸಲಾ? ಇಪ್ಪತ್ತು ರೂಪಾಯಿ" ಅಂದ ಪರಿಸಲಿನವನು.

"ಸುತ್ತಿಸೋದು ನೀರು. ಕಾಸು ನಿಂಗ್ಯಾಕಲಾ?"

ಅವನು ನಕ್ಕು ಹುಟ್ಟನ್ನು ತೊಡೆ ಮೇಲೆ ಇಟ್ಟುಕೊಂಡ. ಸುಳಿ ನಮ್ಮನ್ನು ಹಿಡೀತು. ಸುಳ್ಳಲ್ಲ, ನೂರು ಸುತ್ತು. ಬಂಡೆಗಳೆಲ್ಲ ಗಾಣದೆತ್ತಿನಂಗೆ ತಿರುಗಿದವು. ಹೆಂಡ್ತಿ ಮುಖ ಬಿಳಿಚಿಕೊಂಡಿತು.

"ಸುತ್ತೋದು ಪುಕ್ಕಟೆ ತಾತಾ, ನಿಲ್ಲಿಸೋಕೆ ಇಪ್ಪತ್ತು."

"ನಿಲ್ಲಿಸಬ್ಯಾಡ, ನಂಗೇನೂ ಆಗಿಲ್ಲ" ಅಂದೆ, ಕಣ್ಣು ಮುಚ್ಚಿಕೊಂಡೇ.

ಇವಳು ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟಳು. ಪರಿಸಲು ನಿಂತಿತು.

ಅಲ್ಲಿ ಒಂದು ಕಾಸೂ ಹೆಚ್ಚಿಗೆ ಕೊಡದೆ ಬಂದ ಗಂಡಸು ನಮ್ಮೂರಲ್ಲಿ ಇವತ್ತಿಗೂ ನಾನೊಬ್ಬನೇ.